ಕೆರೆಗೆ ನೀರು ಮೊದಲು ಬಂತು, ಪ್ರಶ್ನೆ ಆಮೇಲೆ ಬಂತು

ಕಾವೇರಿ ನೀರು ಕೋಲಾರಕ್ಕೆ ಹರಿಯುತ್ತಿದೆ. ತಮಾಷೆಗೆ ಹೇಳುತ್ತಿಲ್ಲ. ತೊರೆಕಾಡನಹಳ್ಳಿಯಲ್ಲಿ ಎತ್ತಿದ ನೀರು ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ಏರಿ ಬೆಂಗಳೂರಿಗೆ ಬರುತ್ತದೆ. ನಗರದ ಬಚ್ಚಲು, ಅಡುಗೆಮನೆ, ಶೌಚಾಲಯಗಳನ್ನು ಹಾಯ್ದು, ಇಲ್ಲಿನ ಕೊಳವೆಬಾವಿಗಳ ನೀರನ್ನೂ ಕೂಡಿಕೊಂಡು ಚರಂಡಿ ಸೇರುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಣ ಘಟಕಗಳಲ್ಲಿ ಎರಡನೇ ಹಂತದವರೆಗೆ, ಅಂದರೆ ಕಸ ಮತ್ತು ಸಾವಯವ ಕೊಳೆ ತೆಗೆಯುವಷ್ಟು ಶುದ್ಧವಾಗಿ, ಇನ್ನೊಮ್ಮೆ ಪಂಪು ಹತ್ತಿ ಕೋಲಾರದ ಕೆರೆಗಳಿಗೆ ಇಳಿಯುತ್ತದೆ. ಕಾವೇರಿ ಕಣಿವೆಯ ನೀರು ಪಾಲಾರ್, ಪಿನಾಕಿನಿ ಸೀಮೆಗೆ! ಯಾವ ನ್ಯಾಯಮಂಡಳಿಯೂ ಮಾಡದ ಹಂಚಿಕೆಯನ್ನು ನಮ್ಮ ಬಚ್ಚಲುಮನೆಗಳು ಮಾಡಿವೆ.

ಇದೇ ಕೆ.ಸಿ. ವ್ಯಾಲಿ ಯೋಜನೆ. ಸಾವಿರ ಕೋಟಿ ರೂಪಾಯಿಗೂ ಮೀರಿದ ಖರ್ಚು, ದಿನಕ್ಕೆ 44 ಕೋಟಿ ಲೀಟರ್ ನೀರು ಹರಿಸುವ ಗುರಿ, ನೂರಕ್ಕೂ ಹೆಚ್ಚು ಕೆರೆಗಳು. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ಜನ ಪೂಜೆ ಮಾಡಿದರು. ಮಾಡದೆ ಇನ್ನೇನು? ಜೀವನದಿಯೇ ಇಲ್ಲದ ಜಿಲ್ಲೆ. ಸಾವಿರ ಅಡಿ ಕೊರೆದರೂ ಬರೀ ದೂಳು ಹಾರುವ ಕೊಳವೆಬಾವಿಗಳು. ಅಪ್ಪಿತಪ್ಪಿ ನೀರು ಸಿಕ್ಕರೆ ಅದರಲ್ಲಿ ಫ್ಲೋರೈಡು. ಅಂಥ ನೆಲದಲ್ಲಿ ಟೊಮೆಟೊ ಬೆಳೆದು, ಹಸು ಕಟ್ಟಿ, ರೇಷ್ಮೆಹುಳು ಸಾಕಿ ಬದುಕಿದವರು ಅವರು.

ಎರಡು ತಿಂಗಳು ಕಳೆಯುವುದರೊಳಗೆ ಕೆರೆಯಲ್ಲಿ ನೊರೆ ಎದ್ದಿತು. ಬೆಳ್ಳಂದೂರು ಕೆರೆಯ ನೊರೆ, ಅದರ ಬೆಂಕಿ ಎಲ್ಲರ ಕಣ್ಣ ಮುಂದೆ ಇನ್ನೂ ಇತ್ತು. ಹೋರಾಟಗಾರರು ಹೈಕೋರ್ಟಿಗೆ ಹೋದರು. ತಡೆಯಾಜ್ಞೆ ಬಂತು, ತೆರವಾಯಿತು, ವಿಷಯ ಸುಪ್ರೀಂ ಕೋರ್ಟನ್ನೂ ಮುಟ್ಟಿತು. ಉಳಿದ ಸಾರಜನಕ, ರಂಜಕ, ರೋಗಾಣುಗಳನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣ ಬೇಕು ಎಂಬ ಬೇಡಿಕೆ ಅಂದಿನಿಂದ ಇಂದಿನವರೆಗೆ ನಿಂತಿಲ್ಲ.

ಈ ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡಲು ನಾನು ಕುಳಿತಿಲ್ಲ. ಅಂತರ್ಜಲ ಏರಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಜಲವಿಜ್ಞಾನಿಗಳು ಅದನ್ನು ಅಳೆದಿದ್ದಾರೆ, ರೈತರು ಅಳೆಯದೆಯೇ ಹೇಳುತ್ತಾರೆ. ನನ್ನ ತಕರಾರು ಬೇರೆ. ಇಷ್ಟು ದೊಡ್ಡ ಪ್ರಯೋಗಕ್ಕೆ ಯಾವ ಯಾವ ವಿದ್ಯೆಯವರು ಬೇಕಾಗಿತ್ತೋ ಅವರೆಲ್ಲ ಬಂದರು. ಆದರೆ ಒಬ್ಬೊಬ್ಬರಾಗಿ ಬಂದರು, ನೀರು ಹರಿದ ಮೇಲೆ ಬಂದರು, ತಮ್ಮ ತಮ್ಮ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡೇ ಬಂದರು.

ಎಂಜಿನಿಯರ್ ಕೇಳುವುದು: ಇಷ್ಟು ನೀರನ್ನು ಇಷ್ಟು ಎತ್ತರಕ್ಕೆ ಏರಿಸಲು ಎಷ್ಟು ಪಂಪು ಬೇಕು? ರಸಾಯನ ವಿಜ್ಞಾನಿ ಕೇಳುವುದು: ಸಾರಜನಕ, ರಂಜಕ ಎಷ್ಟು ಉಳಿದಿದೆ, ಭಾರಲೋಹ ಇದೆಯೇ? ಜಲವಿಜ್ಞಾನಿಗೆ ಬಾವಿಯ ಮಟ್ಟ ಬೇಕು, ಅರ್ಥಶಾಸ್ತ್ರಜ್ಞರಿಗೆ ಎಕರೆಗೆ ಬಂದ ಆದಾಯ ಬೇಕು. ಒಂದೂ ತಪ್ಪು ಪ್ರಶ್ನೆಯಲ್ಲ. ಆದರೆ ಕೆರೆ ಏರಿಯ ಮೇಲೆ ನಿಂತು ನೋಡಿದರೆ ಈ ನಾಲ್ವರ ನಡುವಿನ ಸಂದಿಯಲ್ಲಿ ಬಿದ್ದುಹೋದದ್ದು ಎಷ್ಟು ಎಂದು ಕಾಣುತ್ತದೆ.

ತೂಬನ್ನೇ ತೆಗೆದುಕೊಳ್ಳಿ. ಕೋಲಾರದ ಕೆರೆಗಳಲ್ಲಿ ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಬಿಡುವ ಕೆಲಸ ನೀರುಗಂಟಿಯದು. ಕೆರೆಯಲ್ಲಿ ಎಷ್ಟು ನೀರಿದ್ದರೆ ಎಷ್ಟು ಗದ್ದೆಗೆ ಎಷ್ಟು ದಿನ ಬರುತ್ತದೆ, ಮೊದಲು ಯಾರ ಸರದಿ, ಬರದ ವರ್ಷ ಯಾವ ಬಯಲನ್ನು ಪಾಳು ಬಿಡಬೇಕು, ಎಲ್ಲ ಅವನ ತಲೆಯಲ್ಲಿ. ಕೂಲಿ ಎಂದರೆ ಸುಗ್ಗಿಯಲ್ಲಿ ಕೊಡುವ ಕಾಳು. ಈಗ ಬಂದದ್ದು ಶುದ್ಧೀಕರಿಸಿದ ಕೊಳಚೆ ನೀರು. ಅದನ್ನು ನೇರವಾಗಿ ಹೊಲಕ್ಕೆ ಬಿಡುವಂತಿಲ್ಲ, ಕೆರೆಗೆ ಮೋಟಾರು ಇಟ್ಟು ಎತ್ತುವಂತಿಲ್ಲ. ಇಂಗಿ ಅಂತರ್ಜಲ ಸೇರಲಿ ಎಂಬುದು ನಿಯಮ. ಆರೋಗ್ಯದ ಕಡೆಯಿಂದ ನೋಡಿದರೆ ಸರಿಯಾದ ನಿಯಮವೇ, ಮಣ್ಣು ಒಂದಿಷ್ಟು ಸೋಸುತ್ತದೆ. ಆದರೆ ಇದರ ಇನ್ನೊಂದು ಮಗ್ಗುಲು ನೋಡಿ. ತೂಬಿನ ನೀರಿಗೆ ಸರದಿ ಇತ್ತು, ಪಾಲು ಇತ್ತು. ಇಂಗಿದ ನೀರಿಗೆ ಸರದಿ ಎಲ್ಲಿಯದು? ಯಾರ ಹೊಲದಲ್ಲಿ ಕೊಳವೆಬಾವಿ ಇದೆಯೋ, ಯಾರ ಪಂಪು ದೊಡ್ಡದೋ ನೀರು ಅವರದು. ಬಾವಿ ಕೊರೆಸಲು ದುಡ್ಡಿಲ್ಲದ ಅಚ್ಚುಕಟ್ಟಿನ ರೈತ ತುಂಬಿದ ಕೆರೆಯನ್ನು ನೋಡಿಕೊಂಡು ಮಳೆಗೆ ಕಾಯಬೇಕು. ಊರಿನ ಸ್ವತ್ತಾಗಿದ್ದ ನೀರು ಒಂದೇ ನಿಯಮದಿಂದ ಖಾಸಗಿ ಸ್ವತ್ತಾಯಿತು. ಈ ಲೆಕ್ಕವನ್ನು ರಂಜಕ ಅಳೆಯುವ ಉಪಕರಣವೂ ತೋರಿಸುವುದಿಲ್ಲ, ಬಾವಿಯ ಮಟ್ಟ ಅಳೆಯುವ ಟೇಪೂ ತೋರಿಸುವುದಿಲ್ಲ. ನಿಯಮ ಬರೆಯುವ ಕೋಣೆಯಲ್ಲಿ ರಸಾಯನ ವಿಜ್ಞಾನಿಯ ಪಕ್ಕ ಒಬ್ಬ ಸಮಾಜವಿಜ್ಞಾನಿಯೋ, ಬೇಡ, ಒಬ್ಬ ನೀರುಗಂಟಿಯೋ ಕುಳಿತಿದ್ದರೆ ಐದು ನಿಮಿಷದಲ್ಲಿ ಹೇಳುತ್ತಿದ್ದರು.

ಇನ್ನೂ ಒಂದು. ಹಿಂದೆ ಬೇಸಿಗೆಯಲ್ಲಿ ಕೆರೆ ಒಣಗುತ್ತಿತ್ತು. ಜನ ಹೂಳು ಹೊತ್ತು ಹೊಲಕ್ಕೆ ಹಾಕುತ್ತಿದ್ದರು, ದನ ಕೆರೆಯಂಗಳದಲ್ಲಿ ಮೇಯುತ್ತಿದ್ದವು. ಈಗ ವರ್ಷವಿಡೀ ನೀರು. ಮೀನು ಸಾಕುವವರಿಗೆ ಲಾಭ, ಕುರಿ ಮೇಯಿಸುವವರಿಗೆ ನಷ್ಟ, ಸೊಳ್ಳೆಗಳಿಗೆ ಹಬ್ಬ. ಜೋರು ಮಳೆ ಬಂದರೆ, ಮೊದಲೇ ತುಂಬಿದ ಕೆರೆಯಲ್ಲಿ ಪ್ರವಾಹಕ್ಕೆ ಜಾಗ ಎಲ್ಲಿ? 2021ರ ನವೆಂಬರ್‌ನಲ್ಲಿ ಕೋಲಾರದ ಕೆರೆಗಳು ಸಾಲಾಗಿ ಕೋಡಿ ಹರಿದವು. ಆ ವರ್ಷ, ಅದರ ಮರುವರ್ಷ ಸುರಿದ ಮಳೆ ಸಾಮಾನ್ಯದ್ದಲ್ಲ. ಹಾಗಾಗಿ ಬಾವಿಗಳಲ್ಲಿ ಏರಿದ ನೀರಿನಲ್ಲಿ ಬೆಂಗಳೂರಿನ ಪಾಲೆಷ್ಟು, ಮೋಡದ ಪಾಲೆಷ್ಟು ಎಂದು ಬಿಡಿಸುವುದೇ ಒಂದು ಕಸರತ್ತು. ಇತ್ತ ಹಿಂದೆ ದಕ್ಷಿಣ ಪಿನಾಕಿನಿಗೆ ಹರಿಯುತ್ತಿದ್ದ ಇಷ್ಟು ನೀರನ್ನು ನಾವು ತಿರುಗಿಸಿಕೊಂಡರೆ ಆ ನದಿಯ ಕೆಳಗಿನ, ತಮಿಳುನಾಡಿನ ಹೊಸೂರಿನವರಿಗೆ ಏನಾಗುತ್ತದೆ ಎಂಬುದು ಬೇರೆಯೇ ಕಡತ, ಬೇರೆಯೇ ರಾಜ್ಯ.

ವಿಶ್ವಸಂಸ್ಥೆ 2015ರಲ್ಲಿ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಕೊಟ್ಟಿತು. ನೀರು ಒಂದು ಗುರಿ, ಹಸಿವು ಒಂದು, ಆರೋಗ್ಯ ಒಂದು, ನಗರ ಒಂದು, ಅಸಮಾನತೆ ಒಂದು. ಆ ಗುರಿಗಳ ಬಣ್ಣಬಣ್ಣದ ಚಕ್ರವನ್ನು ಮೊದಲ ಸ್ಲೈಡಿನಲ್ಲಿ ಹಾಕದ ವಿಚಾರ ಸಂಕಿರಣವಿಲ್ಲ. ಅದನ್ನು ತೋರಿಸಿದ ಕೂಡಲೇ ಅಂತರಶಿಸ್ತೀಯ, ಅಂದರೆ ಹಲವು ವಿದ್ಯೆಯವರು ಕೂಡಿ ಮಾಡುವ ಸಂಶೋಧನೆ ಆಗಿಬಿಟ್ಟಿತು ಎಂಬ ನಂಬಿಕೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬಲವಾಗಿದೆ. ಕೋಲಾರದ ಒಂದೇ ಕೆರೆಯಲ್ಲಿ ಈ ಐದೂ ಗುರಿಗಳು ಒಂದನ್ನೊಂದು ಜಗ್ಗಾಡುತ್ತಿವೆ, ಅದನ್ನು ಅಧ್ಯಯನ ಮಾಡಬೇಕಾದ ಐದು ವಿಭಾಗಗಳು ಐದು ಕಟ್ಟಡಗಳಲ್ಲಿವೆ.

ಪ್ರಶ್ನೆಯನ್ನು ಕಿರಿದು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಬಾಂಗ್ಲಾದೇಶಕ್ಕಿಂತ ಕಹಿ ಉದಾಹರಣೆ ನನಗೆ ಗೊತ್ತಿಲ್ಲ. ಕೆರೆಕುಂಟೆಯ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುತ್ತಿದ್ದಾರೆಂದು 1970ರ ದಶಕದಿಂದ ಅಲ್ಲಿ ಲಕ್ಷಾಂತರ ಕೈಪಂಪುಗಳನ್ನು ನೆಟ್ಟರು. ರೋಗಾಣುವಿನ ಮಟ್ಟಿಗೆ ನೀರು ಶುದ್ಧವೇ. ಆದರೆ ಅದರಲ್ಲಿ ಆರ್ಸೆನಿಕ್ ಇತ್ತು. 1992ರಲ್ಲಿ ಬ್ರಿಟಿಷ್ ಭೂವಿಜ್ಞಾನಿಗಳು ಅಲ್ಲಿನ ಅಂತರ್ಜಲ ಪರೀಕ್ಷಿಸಿದಾಗಲೂ ಆರ್ಸೆನಿಕ್ ನೋಡಲಿಲ್ಲ. ಬಾಧಿತನೊಬ್ಬ ಲಂಡನ್ನಿನವರೆಗೂ ಮೊಕದ್ದಮೆ ಒಯ್ದ. 2006ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ, ಆ ವಿಜ್ಞಾನಿಗಳಿಗೆ ಅವನ ವಿಷಯದಲ್ಲಿ ಕಾನೂನಿನ ಹೊಣೆ ಇಲ್ಲ ಎಂದಿತು. ಕಾನೂನು ಹಾಗೆ ಹೇಳಬಹುದು. ಸಂಶೋಧನೆ ಮಾಡುವವರೂ ಹಾಗೆಯೇ ಹೇಳಿ ಕೈತೊಳೆದುಕೊಳ್ಳಬಹುದೇ?

ಸರಿಯಾಗಿ ಮಾಡಿದವರು ನಮ್ಮಲ್ಲೇ ಇದ್ದರು. ಅಮೂಲ್ಯ ರೆಡ್ಡಿಯವರು ಮೂಲತಃ ವಿದ್ಯುತ್ ರಸಾಯನ ವಿಜ್ಞಾನಿ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೊಳಗೆ ಹಳ್ಳಿಗಳಿಗೆ ಬೇಕಾದ ವಿಜ್ಞಾನ, ತಂತ್ರಜ್ಞಾನಕ್ಕೆಂದು ‘ಅಸ್ತ್ರ’ ಎಂಬ ಘಟಕ ಕಟ್ಟಿ, ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲಿನ ಹಳ್ಳಿಗಳಿಗೆ ಹೋದರು. ಅಲ್ಲಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿದರು, ಅಡುಗೆಗೆಂದು. ಅದು ಕೈಗೂಡಲಿಲ್ಲ. ಎಲ್ಲ ಮನೆಗಳ ಒಲೆಗೆ ಸಾಲುವಷ್ಟು ಸಗಣಿ ಊರಲ್ಲಿ ಇರಲಿಲ್ಲ, ಸೌದೆಯಂತೂ ಕಾಸಿಲ್ಲದೆ ಸಿಗುತ್ತಿತ್ತು. ಬೇರೆಯವರಾದರೆ ‘ಜನರಿಗೆ ಅರಿವಿನ ಕೊರತೆ’ ಎಂದು ವರದಿ ಬರೆದು ವಾಪಸ್ಸಾಗುತ್ತಿದ್ದರು. ಇವರು ಊರಿನವರ ಮಾತು ಕೇಳಿದರು. ಅವರಿಗೆ ಮೊದಲು ಬೇಕಾಗಿದ್ದದ್ದು ಒಳ್ಳೆಯ ಕುಡಿಯುವ ನೀರು. ಸರಿ, ಅದೇ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು ವಿದ್ಯುತ್ ಮಾಡಿದರು, 1987ರಿಂದ ಆ ವಿದ್ಯುತ್ತಿನಲ್ಲಿ ನೀರೆತ್ತಿ ನಲ್ಲಿಗೆ ಕೊಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದು ಹಾಕಿದವರಿಗೆ ಕೂಲಿ, ಬಗ್ಗಡ ಮತ್ತೆ ಅವರದೇ ಹೊಲದ ಗೊಬ್ಬರಕ್ಕೆ.

ಇಲ್ಲಿ ರಸಾಯನವಿದೆ, ಯಂತ್ರವಿದೆ, ಮಣ್ಣಿದೆ, ಹೆಣ್ಣುಮಕ್ಕಳ ದುಡಿಮೆಯ ಲೆಕ್ಕವಿದೆ, ಊರಿನ ಒಳಗಿನ ಕೊಡುಕೊಳೆಯ ನಿಯಮವಿದೆ. ಎಲ್ಲಕ್ಕಿಂತ ಹೆಚ್ಚಾಗಿ, ತಾವು ಹೊತ್ತುತಂದ ಪ್ರಶ್ನೆಯನ್ನು ಕೆಳಗಿಟ್ಟು ಊರಿನ ಪ್ರಶ್ನೆಯನ್ನು ಎತ್ತಿಕೊಳ್ಳುವ ಮನಸ್ಸಿದೆ. ಅದಿಲ್ಲದಿದ್ದರೆ ಹತ್ತು ವಿಭಾಗಗಳ ಪ್ರಾಧ್ಯಾಪಕರನ್ನು ಒಂದೇ ವ್ಯಾನಿನಲ್ಲಿ ತುಂಬಿಕೊಂಡು ಹೋದರೂ ಅಷ್ಟೆ.

ಇಂದು ಅಂಥ ಕೆಲಸಕ್ಕೆ ಇಳಿಯುವ ಯುವ ಸಂಶೋಧಕರ ಪಾಡು ಕೇಳಿ. ಪಿಎಚ್‌ಡಿ ಹೆಚ್ಚಾಗಿ ಒಂದೇ ವಿಭಾಗದಲ್ಲಿ ಆಗಬೇಕು. ಬಡ್ತಿಗೆ ಆ ವಿಭಾಗದ ನಿಯತಕಾಲಿಕಗಳಲ್ಲೇ ಪ್ರಬಂಧ ಬರಬೇಕು. ಕೆರೆಯ ಬಗ್ಗೆ ಬರೆದದ್ದನ್ನು ಅರ್ಥಶಾಸ್ತ್ರದವರು ‘ಇದು ಪರಿಸರ’ ಎನ್ನುತ್ತಾರೆ, ಪರಿಸರದವರು ‘ಇದು ಸಮಾಜಶಾಸ್ತ್ರ’ ಎನ್ನುತ್ತಾರೆ. ಅನುದಾನ ಎರಡು ಮೂರು ವರ್ಷಕ್ಕೆ ಮುಗಿಯುತ್ತದೆ, ಕೆರೆಯ ಮಣ್ಣಿನಲ್ಲಿ ಲೋಹ ಕೂಡಿಕೊಳ್ಳುತ್ತದೆಯೋ ಇಲ್ಲವೋ ಎಂದು ತಿಳಿಯಲು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬೇಕು. ಇನ್ನು ಯೋಜನೆಯ ಅರ್ಜಿಗಳಲ್ಲಿ ಸಮಾಜವಿಜ್ಞಾನಿಯ ಹೆಸರು ಬರುವುದು ಊಟದ ಕೊನೆಯಲ್ಲಿ ಬಾಳೆಹಣ್ಣು ಬಂದ ಹಾಗೆ. ಎಲೆ ತುಂಬಿದ ಮೇಲೆ, ಶಾಸ್ತ್ರಕ್ಕೆ. ಅವರ ಪಾಲಿಗೆ ಬರುವ ಕೆಲಸವೂ ಅಷ್ಟೇ: ಆಗಲೇ ತೀರ್ಮಾನವಾದದ್ದನ್ನು ಜನರಿಗೆ ‘ತಿಳಿಹೇಳುವುದು’.

ಈಗ ಇದನ್ನೆಲ್ಲ ಏಕೆ ಎತ್ತಿದೆ ಎಂದರೆ, ಕೆ.ಸಿ. ವ್ಯಾಲಿ ಒಂದೇ ಅಲ್ಲ. ಹೆಬ್ಬಾಳ–ನಾಗವಾರ ಕಣಿವೆಯ ನೀರು ಚಿಕ್ಕಬಳ್ಳಾಪುರದ ಕೆರೆಗಳಿಗೆ ಹೋಗುತ್ತಿದೆ. ವೃಷಭಾವತಿ ಕಣಿವೆಯದನ್ನು ನೆಲಮಂಗಲ, ತುಮಕೂರು ಕಡೆಗೆ ಒಯ್ಯುವ ಯೋಜನೆಯೂ ಇದೇ ಜಾಡಿನದು. ನೀರು ಇನ್ನೂ ಮುಟ್ಟದ ಕೆರೆಗಳಲ್ಲಿ ಒಂದು ಕೆಲಸ ಈಗ ಮಾತ್ರ ಸಾಧ್ಯ: ಮೊದಲಿನ ಸ್ಥಿತಿಯನ್ನು ದಾಖಲಿಸುವುದು. ಬಾವಿಯ ನೀರಿನ ಗುಣ, ಕೆರೆಯಂಗಳದ ಮಣ್ಣು, ಸೊಳ್ಳೆ, ಹಾಲು, ಯಾರ ಬಳಿ ಕೊಳವೆಬಾವಿ ಇದೆ, ಯಾರ ಬಳಿ ಇಲ್ಲ, ತೂಬಿನ ಸರದಿ ಇನ್ನೂ ನಡೆಯುತ್ತಿದೆಯೇ, ನೀರುಗಂಟಿ ಬದುಕಿದ್ದಾನೆಯೇ. ನೀರು ಹರಿದ ಮರುದಿನ ಇದ್ಯಾವುದನ್ನೂ ಹಿಂದಕ್ಕೆ ಹೋಗಿ ಅಳೆಯಲು ಬರುವುದಿಲ್ಲ. ಕೋಲಾರದಲ್ಲಿ ಇಂದು ವಾದ ಮುಗಿಯದಿರುವುದಕ್ಕೆ ಅರ್ಧ ಕಾರಣ ಇದೇ. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ತುಮಕೂರಿನಲ್ಲಿ ವಿಶ್ವವಿದ್ಯಾಲಯವಿದೆ, ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಎರಡರಲ್ಲೂ ಪ್ರತಿ ವರ್ಷ ಪ್ರಬಂಧಕ್ಕೆ ವಿಷಯ ಹುಡುಕುವ ಸ್ನಾತಕೋತ್ತರ ವಿದ್ಯಾರ್ಥಿಗಳಿದ್ದಾರೆ. ರಸಾಯನಶಾಸ್ತ್ರದವರನ್ನೂ ಸಮಾಜಶಾಸ್ತ್ರದವರನ್ನೂ ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಕೆರೆ ಕೊಡಿ. ಪಟ್ಟಿ ಸಣ್ಣ ನೀರಾವರಿ ಇಲಾಖೆಯ ಬಳಿ ಇದೆ.