ಪ್ರಿಂಟರಿನ ಬಿಸಿ ತಟ್ಟೆಗೆ ಎಂಥ ರಿಲೇ ಬೇಕು?

ಕೇಳುಗರಿಗೆ ನಮಸ್ಕಾರ. ಮುಂಬಯಿಯ ಕನ್ನಡಿಗರ ಮನೆಗಳಲ್ಲೂ ಈಗ ತ್ರೀ-ಡಿ ಪ್ರಿಂಟರ್ ಕಾಣಿಸುತ್ತಿದೆ. ಇಂಜಿನಿಯರಿಂಗ್ ಓದುವ ಮಕ್ಕಳು ಅದನ್ನು ತಾವೇ ಬಿಚ್ಚಿ ಜೋಡಿಸುತ್ತಾರೆ, ಬೇಕಾದ ಬಿಡಿಭಾಗಗಳಿಗೆ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗುತ್ತಾರೆ. ಅಲ್ಲಿ ರಿಲೇ, ಅಂದರೆ ಸಣ್ಣ ಸಂಕೇತದಿಂದ ದೊಡ್ಡ ಕರೆಂಟನ್ನು ಹೊತ್ತಿಸಿ ಆರಿಸುವ ಸ್ವಿಚ್ಚು, ಕೇಳಿದರೆ ಅಂಗಡಿಯವರು ಮೊದಲು ವಿಚಾರಿಸುವುದು ಎಷ್ಟು ಆಂಪಿಯರಿನದು ಎಂದು. ಆದರೆ ನಾವು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಬೇಕಾದ ಸಂಗತಿಗಳು ಬೇರೆ ಎರಡಿವೆ: ಬೆಡ್ಡಿಗೆ, ಅಂದರೆ ಪ್ರಿಂಟ್ ಮೂಡುವ ಬಿಸಿ ತಟ್ಟೆಗೆ, ಹರಿಯುವುದು ಎ.ಸಿ.ಯೋ ಡಿ.ಸಿ.ಯೋ, ಮತ್ತು ಆ ರಿಲೇ ಕೆಟ್ಟಾಗ ಏನಾಗುತ್ತದೆ.

ಪ್ರಿಂಟ್ ಆಗುವ ವಸ್ತುವಿನ ತಳ ತಣ್ಣಗಾಗಿ ಮುದುಡದಂತೆ, ಅಂಚು ಏಳದಂತೆ ಹಿಡಿದಿಡುವುದೇ ಬಿಸಿ ಬೆಡ್ಡಿನ ಕೆಲಸ. ಪಿ.ಎಲ್.ಎ. ಪ್ಲಾಸ್ಟಿಕ್ಕಿಗೆ 60 ಡಿಗ್ರಿ ಸೆಲ್ಸಿಯಸ್ ಸಾಕು, ಎ.ಬಿ.ಎಸ್.ಗೆ 100ರ ಆಸುಪಾಸು ಬೇಕು. 12 ವೋಲ್ಟಿನ, 1.2 ಓಮ್ ರೋಧವಿರುವ ಸಣ್ಣ ಬೆಡ್ಡನ್ನೇ ತೆಗೆದುಕೊಳ್ಳಿ: 12ನ್ನು 1.2ರಿಂದ ಭಾಗಿಸಿದರೆ 10 ಆಂಪಿಯರ್, ಅಂದರೆ 120 ವ್ಯಾಟ್. ಇಷ್ಟು ಕರೆಂಟು ಗಂಟೆಗಟ್ಟಲೆ ಹರಿದರೆ ಕಂಟ್ರೋಲ್ ಬೋರ್ಡಿನ ಪುಟ್ಟ ಟರ್ಮಿನಲ್ ಬಿಸಿಯಾಗುತ್ತದೆ, ಸ್ಕ್ರೂ ಸ್ವಲ್ಪ ಸಡಿಲವಾಗಿದ್ದರಂತೂ ಅದರ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತದೆ. ಈ ಹೊರೆಯನ್ನು ಬೋರ್ಡಿನಿಂದ ಇಳಿಸಿ ಬೇರೊಂದು ಸ್ವಿಚ್ಚಿಗೆ ವಹಿಸುವುದೇ ರಿಲೇ ಹಾಕುವುದರ ಉದ್ದೇಶ.

ಕೈಗೆ ಮೊದಲು ಸಿಗುವುದು ನೀಲಿ ಡಬ್ಬಿಯ ಅಗ್ಗದ ರಿಲೇ. ಅದರ ಮೈಮೇಲಿನ ಸಣ್ಣ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿದರೆ ಸಾಮಾನ್ಯವಾಗಿ 250 ವೋಲ್ಟ್ ಎ.ಸಿ.ಗೆ 10 ಆಂಪಿಯರ್, 30 ವೋಲ್ಟ್ ಡಿ.ಸಿ.ಗೆ 10 ಆಂಪಿಯರ್ ಎಂದಿರುತ್ತದೆ. ನಮ್ಮ ಬೆಡ್ಡು ಎಳೆಯುವುದೂ 10 ಆಂಪಿಯರೇ ಆದ್ದರಿಂದ ಅಲ್ಲಿ ಕೂದಲೆಳೆಯಷ್ಟೂ ಅವಕಾಶ ಉಳಿಯುವುದಿಲ್ಲ. ಅಲ್ಲದೆ ಎ.ಸಿ. ಕರೆಂಟು ಪ್ರತಿ ಅರ್ಧ ಆವರ್ತಕ್ಕೊಮ್ಮೆ ಸೊನ್ನೆಗೆ ಇಳಿಯುವುದರಿಂದ ರಿಲೇಯೊಳಗೆ ಕೂಡಿ ಬಿಡುವ ಲೋಹದ ತುದಿಗಳ, ಅಂದರೆ ಕಾಂಟ್ಯಾಕ್ಟುಗಳ, ನಡುವಿನ ಕಿಡಿ ತಾನಾಗಿ ಆರುತ್ತದೆ, ಡಿ.ಸಿ.ಗೆ ಆ ಅನುಕೂಲವಿಲ್ಲ, ಕಿಡಿ ಎಳೆದುಕೊಂಡು ಕಾಂಟ್ಯಾಕ್ಟುಗಳನ್ನು ತಿನ್ನುತ್ತದೆ, ಕೆಲವೊಮ್ಮೆ ಬೆಸೆದೇ ಬಿಡುತ್ತದೆ. ಆಯುಷ್ಯದ ಲೆಕ್ಕವನ್ನೂ ನೋಡಿ. ಇಂಥ ರಿಲೇಗಳಿಗೆ ಪೂರ್ಣ ಹೊರೆಯಲ್ಲಿ ಸುಮಾರು 1,00,000 ಬಾರಿ ಹೊತ್ತಿ ಆರುವ ಆಯುಷ್ಯ ಎಂದಿಟ್ಟುಕೊಂಡರೆ, 5 ಸೆಕೆಂಡಿಗೊಮ್ಮೆ ಹೊತ್ತಿಸುವ ಬೆಡ್ಡಿನಲ್ಲಿ ಗಂಟೆಗೆ 720 ಬಾರಿಯಂತೆ 140 ಗಂಟೆ ತುಂಬುವ ಮೊದಲೇ ಅದು ಮುಗಿಯುತ್ತದೆ. ಕಾರಿಗೆ ಹಾಕುವ 12 ವೋಲ್ಟಿನ, 30 ಅಥವಾ 40 ಆಂಪಿಯರಿನ ರಿಲೇ ಇದಕ್ಕಿಂತ ಎಷ್ಟೋ ಮೇಲು, ಏಕೆಂದರೆ ಅದನ್ನು ಡಿ.ಸಿ.ಗೆಂದೇ ಮಾಡಿರುತ್ತಾರೆ. ಆದರೆ ರಿಲೇಯ ಒಳಗಿನ ತಂತಿಸುರುಳಿಯಾದ ಕಾಯಿಲಿಗೆ ಅಡ್ಡಲಾಗಿ, ಅದು ಆರುವಾಗ ಹುಟ್ಟುವ ವೋಲ್ಟಿನ ಹೊಡೆತವನ್ನು ತಡೆಯಲು, ಒಂದು ಡಯೋಡ್ ಇರಲೇಬೇಕು, ಮತ್ತು ಬೋರ್ಡನ್ನು ನಡೆಸುವ ತಂತ್ರಾಂಶವಾದ ಫರ್ಮ್‌ವೇರಿನಲ್ಲಿ ಬೆಡ್ಡನ್ನು ಪದೇ ಪದೇ ಮಿಣುಕಿಸದೆ ಎರಡು ಡಿಗ್ರಿ ಇಳಿದ ಮೇಲಷ್ಟೇ ಹೊತ್ತಿಸುವ ವಿಧಾನವನ್ನು ಆರಿಸಬೇಕು.

ಇನ್ನು ಸಾಲಿಡ್ ಸ್ಟೇಟ್ ರಿಲೇ. ಇದರಲ್ಲಿ ಅಲುಗಾಡುವ ಭಾಗವಿಲ್ಲ, ಸದ್ದಿಲ್ಲ, ಸವೆತವಿಲ್ಲ. ಜನ ಹೆಚ್ಚು ಎಡವುವುದೂ ಇಲ್ಲೇ. ನೋಡಲು ಒಂದೇ ಥರ ಇರುವ ಎರಡು ಡಬ್ಬಿಗಳ ಪೈಕಿ ಒಂದರ ಮೇಲೆ 40 ಡಿ.ಎ. ಎಂದೂ ಇನ್ನೊಂದರ ಮೇಲೆ 40 ಡಿ.ಡಿ. ಎಂದೂ ಬರೆದಿರುತ್ತದೆ. ಡಿ.ಎ. ಎಂದರೆ ಡಿ.ಸಿ. ಸಂಕೇತದಿಂದ ಎ.ಸಿ. ಹೊರೆಯನ್ನು ನಡೆಸುವಂಥದು. ಅದನ್ನು 12 ವೋಲ್ಟ್ ಡಿ.ಸಿ. ಬೆಡ್ಡಿಗೆ ಹಾಕಿದರೆ ಒಮ್ಮೆ ಹೊತ್ತಿದ್ದು ಆರುವುದೇ ಇಲ್ಲ, ಏಕೆಂದರೆ ಒಳಗಿನ ಥೈರಿಸ್ಟರ್ ಎಂಬ ಅರೆವಾಹಕ ಸ್ವಿಚ್ಚು ಕರೆಂಟು ಸೊನ್ನೆಗೆ ಇಳಿದಾಗ ಮಾತ್ರ ಆರುತ್ತದೆ. ಡಿ.ಸಿ. ಸಂಕೇತದಿಂದ ಡಿ.ಸಿ. ಹೊರೆಯನ್ನೇ ನಡೆಸುವ ಡಿ.ಡಿ. ಸರಿಯಾದದ್ದೇ. ಆದರೂ ಅಗ್ಗದ ಮಾದರಿಯೊಂದು 1.5 ವೋಲ್ಟ್ ನುಂಗಿತೆಂದುಕೊಳ್ಳಿ, ಬೆಡ್ಡಿಗೆ ಉಳಿಯುವುದು 10.5 ವೋಲ್ಟ್, ಶಾಖ ವೋಲ್ಟಿನ ವರ್ಗದಂತೆ ಇಳಿಯುವುದರಿಂದ ಸುಮಾರು ಕಾಲು ಭಾಗದಷ್ಟು ಬಿಸಿ ನಷ್ಟವಾಗುತ್ತದೆ, ರಿಲೇಯೂ ವಿಪರೀತ ಬಿಸಿಯಾಗುತ್ತದೆ. ಆದ್ದರಿಂದ 12 ಅಥವಾ 24 ವೋಲ್ಟಿನ ಬೆಡ್ಡಿಗೆ ರಿಲೇಯ ಗೊಡವೆ ಬಿಟ್ಟು ಒಳ್ಳೆಯ ಮಾಸ್ಫೆಟ್, ಅಂದರೆ ಟ್ರಾನ್ಸಿಸ್ಟರ್ ಸ್ವಿಚ್ಚಿನ, ಮಾಡ್ಯೂಲ್ ಹಾಕಿ ಎಂದೇ ನಾನು ಹೇಳುತ್ತೇನೆ. ಅದರ ರೋಧ 5 ಮಿಲಿಓಮ್ ಇದ್ದರೆ 10 ಆಂಪಿಯರಿನಲ್ಲಿ ಅರ್ಧ ವ್ಯಾಟಷ್ಟೇ ಪೋಲಾಗುತ್ತದೆ.

ಡಿ.ಎ. ರಿಲೇಗೆ ತಕ್ಕ ಜಾಗ ಮನೆಯ 230 ವೋಲ್ಟಿನಲ್ಲೇ ಕಾಯುವ ಸಿಲಿಕೋನ್ ಹೀಟರ್. 750 ವ್ಯಾಟಿನದು ಎಳೆಯುವುದು ಮೂರೂಕಾಲು ಆಂಪಿಯರ್ ಮಾತ್ರ. ಎ.ಸಿ. ವೋಲ್ಟೇಜು ಸೊನ್ನೆ ದಾಟುವ ಬಿಂದುವಿನಲ್ಲೇ ಹೊತ್ತುವ ಮಾದರಿಯನ್ನು ಕೇಳಿ ಪಡೆಯಿರಿ, ಪವರ್ ಲೈನಿನಲ್ಲಿ ವಿದ್ಯುತ್ ಗದ್ದಲ ಕಡಿಮೆಯಾಗುತ್ತದೆ. ಮಾರುಕಟ್ಟೆಯಲ್ಲಿ ನಕಲಿ ಮಾಲು ಧಾರಾಳವಾಗಿರುವುದರಿಂದ 40 ಎಂಬ ಆಂಪಿಯರ್ ಅಂಕಿಯನ್ನು ಪೂರ್ತಿ ನಂಬದೆ, ಶಾಖ ಹೊರಹಾಕುವ ಅಲ್ಯೂಮಿನಿಯಂ ಹೀಟ್ ಸಿಂಕಿಗೆ ಶಾಖ ಸಾಗಿಸುವ ಪೇಸ್ಟ್ ಹಚ್ಚಿ ಬಿಗಿದೇ ಕೂರಿಸಿ.

ಸಾಲಿಡ್ ಸ್ಟೇಟ್ ರಿಲೇ ಕೆಟ್ಟಾಗ ಹೆಚ್ಚಿನ ಸಲ ಶಾರ್ಟ್ ಆಗಿ, ಆನ್ ಸ್ಥಿತಿಯಲ್ಲೇ ನಿಲ್ಲುತ್ತದೆ. ಆಗ ಬಿಸಿ ಮಿತಿಮೀರುತ್ತಿದೆ ಎಂದು ಫರ್ಮ್‌ವೇರಿಗೆ ಗೊತ್ತಾದರೂ, ಅದು ಕಳಿಸುವ ಆಫ್ ಸಂಕೇತಕ್ಕೆ ಯಾವ ಬೆಲೆಯೂ ಇಲ್ಲ. ಹೀಟರ್ ಕಾಯುತ್ತಲೇ ಹೋಗುತ್ತದೆ. ಕಿಟಕಿ ಮುಚ್ಚಿದ ಒಂದೇ ಕೋಣೆಯ ಮನೆಯಲ್ಲಿ ರಾತ್ರಿಯಿಡೀ ಪ್ರಿಂಟ್ ನಡೆಯುವುದನ್ನು ನೆನೆದರೆ ಇದು ಸಣ್ಣ ಮಾತಲ್ಲ. ಹಾಗಾಗಿ ಹೀಟರಿನ ಫೇಸ್ ತಂತಿಯಲ್ಲಿ ಬಿಸಿ ಮಿತಿಮೀರಿದರೆ ತಾನೇ ಕಡಿದುಹೋಗುವ ಒಂದು ಥರ್ಮಲ್ ಫ್ಯೂಸ್ ಇರಲೇಬೇಕು, ಅದು ಹೀಟರಿಗೆ ಒತ್ತಿಕೊಂಡು ಕೂತಿರಬೇಕು, ನಾವು ಬಳಸುವ ಗರಿಷ್ಠ ಉಷ್ಣತೆಗಿಂತ ಕೊಂಚ ಮೇಲಿನ ಮಿತಿಯದಾಗಿರಬೇಕು. ತಟ್ಟೆಯ ಲೋಹಕ್ಕೆ ಅರ್ಥಿಂಗ್ ತಂತಿ ಬಿಗಿಯಿರಿ, ಲೈನಿನಲ್ಲಿ ಕರೆಂಟು ನೆಲಕ್ಕೆ ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಸ್ವಿಚ್ಚು ಇರಲಿ. ರಿಲೇ ಆಫ್ ಇದ್ದಾಗಲೂ ಅದರ ಮೂಲಕ ಸ್ವಲ್ಪ ಕರೆಂಟು ಸೋರುತ್ತಿರುತ್ತದೆ, ಆದ್ದರಿಂದ ಪ್ಲಗ್ ಕಿತ್ತ ಮೇಲಷ್ಟೇ ಟರ್ಮಿನಲ್ ಮುಟ್ಟಿ. ಥರ್ಮಲ್ ಫ್ಯೂಸಿಗೆ ಮಾತ್ರ ಬೆಸುಗೆ ಹಾಕಬೇಡಿ, ಸೋಲ್ಡರಿಂಗ್ ಐರನ್ನಿನ ಬಿಸಿಗೇ ಅದು ಹೋಗಿಬಿಡುತ್ತದೆ; ಒತ್ತಿ ಬಿಗಿಯುವ ಲೋಹದ ಕೊಳವೆಯಾದ ಕ್ರಿಂಪ್ ತೋಳು ತೊಡಿಸಿ ಒತ್ತಿ, ಎಳೆದು ಪರೀಕ್ಷಿಸಿ. ನಮಸ್ಕಾರ.