ಬೆಳಕು ತಿಂದು ಕೂಗುವ ಡಬ್ಬಿ

ಈ ಸದ್ದು ಕೇಳಿಸುತ್ತಿದೆಯಾ? ಸೊಳ್ಳೆ ಅಲ್ಲ. ಕೆಟ್ಟುಹೋದ ಫ್ಯಾನೂ ಅಲ್ಲ. ನಾನೇ ಕೈಯಾರೆ ಮಾಡಿದ ವಾದ್ಯ. ವಾದ್ಯ ಅನ್ನೋದಕ್ಕೆ ಸ್ವಲ್ಪ ಧೈರ್ಯ ಬೇಕು, ಅದಿರಲಿ.

ಹೋದ ಭಾನುವಾರ ಎಲೆಕ್ಟ್ರಾನಿಕ್ ವಾದ್ಯ ಮಾಡುವ ಒಂದು ವರ್ಕ್‌ಶಾಪ್‌ಗೆ ಹೋಗಿದ್ದೆ. ಇಂಥದ್ದಕ್ಕೆ ಇದು ಎರಡನೇ ಸಲ. ಮೊದಲ ಸಲ ಹೋದಾಗ ಕಿಟ್ ಕೊಟ್ಟಿದ್ದರು. ಅಚ್ಚು ಹಾಕಿದ ಬೋರ್ಡು, ಪ್ರತಿ ತೂತಿನ ಪಕ್ಕ ಒಂದು ನಂಬರು. ನಂಬರು ನೋಡು, ತೂರಿಸು, ಬೆಸುಗೆ ಹಾಕು. ಎರಡು ಗಂಟೆಯಲ್ಲಿ ಚೆಂದದ ಸಿಂಥ್ ಕೈಗೆ ಬಂತು. ಸಿಂಥ್ ಅಂದರೆ ಸಿಂಥಸೈಜರ್, ಕರೆಂಟಿನಿಂದಲೇ ದನಿ ಹುಟ್ಟಿಸುವ ವಾದ್ಯ. ಅದು ಯಾಕೆ ಕೂಗುತ್ತದೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ!

ಈ ಸಲ ಹಾಗಲ್ಲ. ನೋಡಿ, ಟೇಬಲ್ ಮೇಲೆ ಒಬ್ಬೊಬ್ಬರಿಗೂ ಒಂದು ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ತಂತಿ ಚುಚ್ಚಿ ಜೋಡಿಸುವ ತೂತುಗಳ ಹಲಗೆ), ಒಂದು 9 ವೋಲ್ಟ್ ಬ್ಯಾಟರಿ, ಒಂದು ಹಿಡಿ ಬಿಡಿಭಾಗ. ಸ್ಲೈಡ್ ಇಲ್ಲ, ಭಾಷಣ ಇಲ್ಲ. ಹೇಳಿಕೊಡುವ ಮೇಡಂ ಬಂದವರೇ ಒಂದು ಚಿಪ್ ಎತ್ತಿ ಹಿಡಿದರು. "ಇದು 40106. ಕಾಲು 14. ಬ್ಯಾಟರಿ ಪ್ಲಸ್ 14ನೇ ಕಾಲಿಗೆ, ಮೈನಸ್ 7ನೇ ಕಾಲಿಗೆ. ಅದಲು ಬದಲಾದರೆ ಚಿಪ್ ಬಿಸಿಯಾಗಿ ಸಾಯುತ್ತೆ. ಗೋಡೆಯ ಪ್ಲಗ್ ತಂಟೆಗೆ ಯಾರೂ ಹೋಗಬೇಡಿ. ಹ್ಞಾಂ, ಶುರು ಮಾಡಿ." ಅಷ್ಟೇ.

ಈ ಚಿಪ್ ಒಳಗೆ ಒಂದೇ ಥರದ ಆರು ಗೇಟ್‌ಗಳಿವೆ. ಆರೂ ಉಲ್ಟಾ ಸ್ವಭಾವದವು. ಒಳಗೆ ವೋಲ್ಟೇಜ್ ಏರಿದರೆ ಹೊರಗೆ ಸೊನ್ನೆ, ಒಳಗೆ ಇಳಿದರೆ ಹೊರಗೆ ಪೂರ್ತಿ. ಹೊರಗಿನ ಕಾಲಿನಿಂದ ಒಳಗಿನ ಕಾಲಿಗೆ ಒಂದು ರೆಸಿಸ್ಟರ್, ಒಳಗಿನ ಕಾಲಿನಿಂದ ಮೈನಸ್‌ಗೆ ಒಂದು ಕೆಪಾಸಿಟರ್. ಎರಡೇ ಭಾಗ, ದನಿ ರೆಡಿ. ಕೆಪಾಸಿಟರ್ ಒಂದು ಲೋಟ, ರೆಸಿಸ್ಟರ್ ಒಂದು ನಲ್ಲಿ ಅಂದುಕೊಳ್ಳಿ. ಲೋಟ ಒಂದು ಮಟ್ಟಕ್ಕೆ ತುಂಬಿದ ಕೂಡಲೇ ಗೇಟ್ ಪಲ್ಟಿ ಹೊಡೆಯುತ್ತದೆ, ನೀರು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ತೀರಾ ಇಳಿದಾಗ ಮತ್ತೆ ಪಲ್ಟಿ. ತುಂಬು, ಖಾಲಿಯಾಗು, ತುಂಬು, ಖಾಲಿಯಾಗು. 0.1 ಮೈಕ್ರೊಫ್ಯಾರಡ್ ಲೋಟಕ್ಕೆ 10 ಕಿಲೋ ಓಮ್‌ನ ಒಂದು ನಲ್ಲಿ ಇಟ್ಟರೆ ಇದು ಸೆಕೆಂಡಿಗೆ ಸಾವಿರದ ಆಸುಪಾಸು ಸಲ ಆಗುತ್ತದೆ. ಸ್ಪೀಕರ್‌ನಲ್ಲಿ ಅದೇ "ಕುಯ್ಯ್".

ಎಲ್ಲರ ಬೋರ್ಡೂ ಕುಯ್ಯ್ ಅಂತು. ನನ್ನದು ಮಾತ್ರ ತೆಪ್ಪಗೆ ಕೂತಿತ್ತು.

ಚಿಪ್ ತಿರುಗಿಸಿ ನೋಡಿದೆ, ಸರಿ ಇತ್ತು. ಬ್ಯಾಟರಿ ಬದಲಿಸಿದೆ. ತಂತಿಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚಿದೆ. ಅರ್ಧ ಗಂಟೆ ಹೋಯಿತು. ಮೇಡಂ ಎರಡು ಸಲ ಹಿಂದಿನಿಂದ ಹಾದುಹೋದರು, ನೋಡಿದರು, ಏನೂ ಹೇಳಲಿಲ್ಲ. ಆಗ ಕೋಪ ಬಂದಿತ್ತು, ನಿಜ ಹೇಳ್ತೀನಿ. ಕೊನೆಗೆ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಕನ್ನಡಕ ಮೇಲೇರಿಸಿಕೊಂಡು ಬಗ್ಗಿ ನೋಡಿದರು. "ನೋಡಮ್ಮ, ಈ ಕೆಂಪು ಗೆರೆ ಮಧ್ಯದಲ್ಲಿ ತುಂಡಾಗಿದೆಯಲ್ಲ?"

ಕ್ಯಾಮೆರಾ ಹತ್ತಿರ ತರ್ತೀನಿ, ನೀವೂ ನೋಡಿ. ಉದ್ದದ ಬ್ರೆಡ್‌ಬೋರ್ಡ್‌ಗಳಲ್ಲಿ ಅಂಚಿನ ಪ್ಲಸ್ ಸಾಲು ಕೆಲವೊಮ್ಮೆ ನಡುವೆ ಕಡಿದಿರುತ್ತದೆ. ಗೆರೆ ತುಂಡಾದ ಕಡೆ ಒಳಗಿನ ಲೋಹವೂ ತುಂಡು. ನನ್ನ ಬ್ಯಾಟರಿ ಈ ತುದಿಯಲ್ಲಿ, ಚಿಪ್ ಆ ತುದಿಯಲ್ಲಿ. ಬೆರಳುದ್ದದ ಒಂದು ತಂತಿಯಿಂದ ಎರಡನ್ನೂ ಸೇರಿಸಿದೆ. ಕುಯ್ಯ್! ನಾನು ಕೂತಲ್ಲೇ ಕಿರುಚಿದೆ, ಅದು ರೆಕಾರ್ಡ್ ಕೂಡ ಆಗಿದೆ, ಹಾಕಲ್ಲ.

ದನಿ ಬಂತು, ಆದರೆ ಒಂದೇ ಸಮ ನಡುಗುತ್ತಿತ್ತು. ಕೈ ಹತ್ತಿರ ತಂದರೆ ಇನ್ನೂ ಜಾಸ್ತಿ. ಇದಕ್ಕೆ ಮೇಡಂ ಉತ್ತರ ಕೊಟ್ಟರು: ಬಳಸದ ಐದು ಗೇಟ್‌ಗಳ ಒಳಗಾಲುಗಳನ್ನು ಸುಮ್ನೆ ಗಾಳಿಯಲ್ಲಿ ಬಿಡಬಾರದು. ಅವು ಸುತ್ತಲಿನ ಕರೆಂಟಿನ ಗುಂಯ್ ಅನ್ನು ಹೀರಿಕೊಂಡು ಒಳಗೊಳಗೇ ಕುಣಿಯುತ್ತವೆ. ಐದನ್ನೂ ಮೈನಸ್‌ಗೆ ಕಟ್ಟಿದೆ. ನಡುಕ ನಿಂತಿತು. ಪಕ್ಕದ ಅಂಕಲ್‌ಗೆ ಮಾತ್ರ ಆ ನಡುಕವೇ ಇಷ್ಟವಾಗಿ, ತಮ್ಮ ಬೋರ್ಡಿನಲ್ಲಿ ಒಂದು ಕಾಲನ್ನು ಬೇಕಂತಲೇ ಬಿಟ್ಟುಕೊಂಡರು.

ಕೈ ಆಡಿಸಿದರೆ ದನಿ ಬದಲಾಗುವುದು ಅಂದಾಗ ಥೆರೆಮಿನ್ ನೆನಪಾಗಬೇಕು. 1920ರ ಸುಮಾರಿಗೆ ರಷ್ಯಾದ ಲೆವ್ ಥೆರೆಮಿನ್ ಮಾಡಿದ, ಮುಟ್ಟದೆಯೇ ನುಡಿಸುವ ವಾದ್ಯ. ಅಲ್ಲಿ ನುಡಿಸುವವರ ಕೈಯೇ ಕೆಪಾಸಿಟರ್‌ನ ಒಂದು ಭಾಗ. ಸಿಂಥಸೈಜರ್ ಅಂದರೆ ನೆನಪಾಗುವ ರಾಬರ್ಟ್ ಮೂಗ್ ಕೂಡ ಹುಡುಗನಾಗಿದ್ದಾಗ ಥೆರೆಮಿನ್ ಜೋಡಿಸಿಯೇ ಕೈ ಪಳಗಿಸಿಕೊಂಡವರು. 1964ರಲ್ಲಿ ಸಿಂಥ್ ಹೊರತರುವ ಮುಂಚೆ ಅವರು ಥೆರೆಮಿನ್ ಕಿಟ್ ಮಾರುತ್ತಿದ್ದರು. ಹ್ಞೂಂ, ಕಿಟ್. ನಾನು ಈಗಷ್ಟೇ ಬೈದ ಕಿಟ್!

ಮಧ್ಯಾಹ್ನದ ಮೇಲೆ ನಿಜವಾದ ಮಜಾ. ರೆಸಿಸ್ಟರ್ ತೆಗೆದು ಅದೇ ಜಾಗಕ್ಕೆ ಎಲ್‌ಡಿಆರ್ ಅನ್ನೋ, ಬೆಳಕಿಗೆ ಸ್ಪಂದಿಸುವ ರೆಸಿಸ್ಟರ್ ಹಾಕಿದೆವು. ಬೆಳಕು ಬಿದ್ದರೆ ಇದರ ತಡೆ ಇಳಿಯುತ್ತದೆ, ಕತ್ತಲಾದರೆ ಏರುತ್ತದೆ. ಮೊಬೈಲ್ ಟಾರ್ಚ್ ಹಿಡಿದೆ, ದನಿ ಮೇಲಕ್ಕೆ ಜಾರಿತು. ಅಂಗೈಯಿಂದ ಮುಚ್ಚುತ್ತಾ ಬಂದೆ. ಕುಯ್ಯ್ ಹೋಗಿ ಗೊರ್ರ್ ಆಯಿತು. ಪೂರ್ತಿ ಮುಚ್ಚಿದೆ. ಗೊರ್ರ್ ಬಿಡಿಬಿಡಿಯಾಗಿ ಟಕ್, ಟಕ್, ಟಕ್ ಅನ್ನತೊಡಗಿತು. ಎಣಿಸಬಹುದು!

ನನಗೆ ಅಲ್ಲಿ ಮೈ ಜುಮ್ ಅಂತು. ನಾನು ಇಷ್ಟು ದಿನ ಸ್ವರ ಬೇರೆ, ತಾಳ ಬೇರೆ ಅಂದುಕೊಂಡಿದ್ದೆ. ಸೆಕೆಂಡಿಗೆ ಹತ್ತು ಸಲ ಬಡಿದರೆ ಕಿವಿ ಅದನ್ನು ಪೆಟ್ಟು ಅಂತ ಎಣಿಸುತ್ತದೆ. ಇಪ್ಪತ್ತು ದಾಟಿ ಮೇಲೇರುತ್ತಾ ಹೋದರೆ ಎಣಿಕೆ ಬಿಟ್ಟು ಸ್ವರ ಅಂತ ಕೇಳುತ್ತದೆ. ಶ್ರುತಿ ತಾಯಿ, ಲಯ ತಂದೆ ಅಂತಾರಲ್ಲ, ಇಲ್ಲಿ ಇಬ್ಬರೂ ಒಂದೇ ಲೋಟದಲ್ಲಿ ಇದ್ದಾರೆ. ಮತ್ತೆ ಮತ್ತೆ ಕೈ ಮುಚ್ಚಿ, ತೆಗೆದು, ಮುಚ್ಚಿ, ಕಾಲು ಗಂಟೆ ಅದನ್ನೇ ಮಾಡಿದೆ.

ಕೊನೆಗೆ ಬ್ರೆಡ್‌ಬೋರ್ಡ್‌ನಿಂದ ತೆಗೆದು, ಬೆಸುಗೆ ಹಾಕಿ, ಡಬ್ಬಿಗೆ ಸೇರಿಸಿದ್ದು. ಬೆಸುಗೆಯ ಭಾಗ ಬೇಗ ಹೇಳಿ ಮುಗಿಸ್ತೀನಿ. ಬಿಸಿ ಕಡ್ಡಿಯನ್ನು ಬೆಸುಗೆ ತಂತಿಗೆ ತಾಗಿಸಬೇಡಿ. ಕಾಲು ಮತ್ತು ತಾಮ್ರ ಎರಡಕ್ಕೂ ಒಟ್ಟಿಗೆ ತಾಗಿಸಿ, ಒಂದೆರಡು ಸೆಕೆಂಡ್ ಕಾಯಿರಿ, ಆಮೇಲೆ ತಂತಿ ಕೊಡಿ. ಸರಿಯಾದ ಬೆಸುಗೆ ಹೊಳೆಯುವ ಪುಟ್ಟ ಗುಡ್ಡದ ಹಾಗೆ ಹರಡಿ ಕೂರುತ್ತದೆ. ಮಂಕಾದ ಉಂಡೆ ಆದರೆ ಮತ್ತೆ ಬಿಸಿ ಮಾಡಿ. ಬೆಸುಗೆಯಲ್ಲಿ ಸೀಸ ಇದ್ದರೆ ಕೈ ತೊಳೆಯದೆ ಏನೂ ತಿನ್ನಬೇಡಿ. ಇನ್ನೊಂದು, ಮೊದಲ ಸಲ ಹೆಡ್‌ಫೋನ್ ಹಾಕಿಕೊಂಡು ಕೇಳಲೇಬೇಡಿ. ಈ ದನಿಗೆ ಮೆತ್ತಗೆ ಶುರುವಾಗೋದು ಗೊತ್ತಿಲ್ಲ.

ಮನೆಗೆ ತಂದು ಡಬ್ಬಿಯನ್ನು ಕಿಟಕಿ ಹತ್ತಿರ ಇಟ್ಟೆ. ರಾತ್ರಿ ಆಫ್ ಮಾಡೋದು ಮರೆತೆ. ನಿದ್ದೆಗಣ್ಣಲ್ಲಿ ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿದೆ ಅಂದುಕೊಂಡೆ. ಟಕ್. ಟಕ್. ಬೆಳಗಿನ ಜಾವ ಅದೇ ಟಕ್ ಟಕ್ ಚುರುಕಾಯಿತು, ಒಂದಕ್ಕೊಂದು ಅಂಟಿಕೊಂಡು ಗೊರ್ರ್ ಆಯಿತು. ಬಿಸಿಲು ಕಿಟಕಿ ದಾಟಿ ಒಳಗೆ ಬಂದಾಗ, ಇಗೋ, ಮೊದಲು ಕೇಳಿಸಿದೆನಲ್ಲ, ಆ ಕುಯ್ಯ್.