ಕ್ಯಾಮೆರಾ ಆ ಕಡೆ ಕೊಡ್ರಪ್ಪ

ಫೋಟೋಗ್ರಾಫರ್ ಗೆಳೆಯರಿಗೆಲ್ಲ ನಮಸ್ಕಾರ. ಆಗಸ್ಟ್ 19, ಫೋಟೋಗ್ರಫಿ ದಿನ, ಶ್ರಾವಣದ ಮದುವೆ ಆರ್ಡರ್ ಅಸಿಸ್ಟೆಂಟ್ ತಲೆಗೆ ಕಟ್ಟಿ ಬಂದಿದೀರ, ಅದಕ್ಕೇ ಮೊದ್ಲು ಥ್ಯಾಂಕ್ಸ್. ಹೊರಗಡೆ ಎಗ್ಸಿಬಿಷನ್ ನೋಡ್ಕೊಂಡೇ ಒಳಗ್ ಬಂದೆ. ಬಸ್ ಸ್ಟ್ಯಾಂಡಲ್ಲಿ ಮಲಗಿರೋ ಅಜ್ಜ, ಸಿಗ್ನಲ್ಲಲ್ಲಿ ಕೈ ಚಾಚಿರೋ ಮಗು, ಎಲ್ಲಾ ಬ್ಲಾಕ್ ಅಂಡ್ ವೈಟ್. ಯಾಕ್ರೀ, ಬಡವರಿಗೆ ಕಲರ್ ಇಲ್ವಾ? ನಗ್ಬೇಡಿ, ನಾನೂ ಅದೇ ಮಾಡಿದೋನು.

ನಮ್ಮೂರ ಬಿ.ಎಚ್. ರೋಡಲ್ಲಿ ಅಂಗಡಿ ಮುಂದೆ ಮಲಗಿದ್ದ ಒಬ್ರು ಯಜಮಾನರ ಫೋಟೋ ಬೆಳಗಿನ ಜಾವ ಹೊಡೆದೆ, ಒಂದ್ಕಡೆ ಬಹುಮಾನ ಬಂತು, ಶಾಲು ಹಾರ ಎಲ್ಲಾ ಆಯ್ತು, ದೊಡ್ಡದಾಗಿ ಫ್ರೇಮ್ ಹಾಕ್ಸಿ ಸ್ಟುಡಿಯೋದಲ್ಲಿ ನೇತಾಕಿದ್ದೆ. ಒಂದಿನ ಅವ್ರೇ ಬಂದ್ರು, ಯಾವ್ದೋ ಅರ್ಜಿಗೆ ಪಾಸ್‌ಪೋರ್ಟ್ ಸೈಜ್ ಬೇಕು ಅಂತ. ಸ್ಟೂಲ್ ಮೇಲೆ ಕೂತು ತಲೆ ಬಾಚ್ಕೊಂಡು ಗೋಡೆ ನೋಡಿದ್ರು. "ಇದು ನನ್ನ ಬೆಡ್‌ಶೀಟಲ್ವಾ?" ಅಂದ್ರು. ಮುಖ ಕಾಣಲ್ಲ ನೋಡಿ, ಬೆಡ್‌ಶೀಟಿಂದ ಗುರುತು ಹಿಡಿದ್ರು! "ಎಬ್ಬಿಸಿದ್ರೆ ಎದ್ದು ಕೂರ್ತಿದ್ನಲ್ಲಪ್ಪ" ಅಂದ್ರು. ನನಗೆ ಏನ್ ಹೇಳ್ಬೇಕೋ ತೋಚಲಿಲ್ಲ, ನಾಚಿಕೆಗೆ ಡ್ರಾಯರಲ್ಲಿದ್ದ ಹಳೇ ರೀಲ್ ಕ್ಯಾಮೆರಾ ತೆಗೆದು, 36 ಫೋಟೋ ಬರೋ ಫಿಲ್ಮ್ ರೋಲ್ ಹಾಕಿ, ನೀವೇ ತೆಗೀರಿ ಅಂತ ಕೊಟ್ಬಿಟ್ಟೆ. ನಮ್ ಹುಡುಗ ಹೇಳ್ದ, ಅಣ್ಣ, ಹೋಯ್ತು ಕ್ಯಾಮೆರಾ ಅಂತ.

ಹತ್ತು ದಿನಕ್ಕೆ ವಾಪಸ್ ಬಂತು. ರೋಲ್ ತೊಳೆಸಿದ್ರೆ ಅರ್ಧ ಫ್ರೇಮಲ್ಲಿ ಬೆರಳು. ಉಳಿದಿದ್ರಲ್ಲಿ ಒಂದು ಅಂಗಡಿ ಶಟರ್ ಫೋಟೋ, ಅರ್ಧ ಇಳಿದಿದೆ, ಕೆಳಗೆ ಅಂಗಡಿಯವ್ರ ಕಾಲು ಮಾತ್ರ. ಇದೇನ್ ಯಜಮಾನ್ರೇ ಅಂದ್ರೆ, "ಅದು ಪೂರ್ತಿ ಇಳಿದ್ರೇನೇ ನನಗೆ ಮನೆ" ಅಂದ್ರು. ನಾನು ಮೂವತ್ತು ವರ್ಷ ಆ ರೋಡಲ್ಲಿ ಓಡಾಡಿದೀನಿ, ಶಟರ್ ಇಳಿಯೋದು ನನಗೆ ಅಂಗಡಿ ಮುಚ್ಚೋದು ಅಷ್ಟೇ.

ಹೀಗೆ ಕ್ಯಾಮೆರಾ ಅವ್ರ ಕೈಗೇ ಕೊಡೋದು ನಾನು ಕಂಡುಹಿಡಿದಿದ್ದಲ್ಲ. ಲಂಡನ್ನಲ್ಲಿ ಕೆಫೆ ಆರ್ಟ್ ಅನ್ನೋ ಸಂಸ್ಥೆಯವ್ರು ಮನೆ ಕಳ್ಕೊಂಡವ್ರಿಗೆ ಫ್ಯೂಜಿಫಿಲ್ಮಿಂದು ಒಂದ್ಸಲ ಬಳಸಿ ಬಿಡೋ ಕ್ಯಾಮೆರಾ 100 ಹಂಚ್ತಿದ್ರು, ರಾಯಲ್ ಫೋಟೋಗ್ರಫಿಕ್ ಸೊಸೈಟಿಯವ್ರು ಬಂದು ಹೇಳ್ಕೊಡ್ತಿದ್ರು, ಬಂದಿದ್ರಲ್ಲಿ ಆರಿಸಿ 'ಮೈ ಲಂಡನ್' ಕ್ಯಾಲೆಂಡರ್ ಮಾಡ್ತಿದ್ರು. ಅದ್ರಲ್ಲಿ ಅಯ್ಯೋ ಪಾಪ ಅನ್ನೋ ಫೋಟೋ ಹುಡುಕಿದ್ರೆ ಕಷ್ಟ, ಊರಿನ ಚೆಂದ ಇರ್ತಿತ್ತು, ತಮಾಷೆ ಇರ್ತಿತ್ತು. ಅದಕ್ಕೂ ಮುಂಚೆ ವಾಷಿಂಗ್ಟನ್ನಲ್ಲಿ ಜಿಮ್ ಹಬ್ಬರ್ಡ್, ಪ್ರೆಸ್ ಫೋಟೋಗ್ರಾಫರ್ ಅವ್ರು, ಮನೆಯಿಲ್ಲದ ಮಕ್ಕಳ ಕೈಗೇ ಕ್ಯಾಮೆರಾ ಕೊಟ್ರು, 'ಶೂಟಿಂಗ್ ಬ್ಯಾಕ್' ಅಂತ. 1990ರ ದಶಕದಲ್ಲಿ ಚೀನಾದ ಯುನ್ನಾನ್ ಹಳ್ಳಿ ಹೆಂಗಸರ ಜೊತೆ ಕ್ಯಾರೊಲಿನ್ ವಾಂಗ್, ಮೇರಿ ಆನ್ ಬರಿಸ್ ಅನ್ನೋರು ಇದನ್ನೇ ಮಾಡಿದ್ದಕ್ಕೆ ಫೋಟೋವಾಯ್ಸ್ ಅಂತ್ಲೇ ಹೆಸರು ಬಿತ್ತು, ತೆಗೆದವ್ರೇ ಕೂತು ಫೋಟೋ ಬಗ್ಗೆ ಮಾತಾಡ್ತಾರೆ, ಅಧಿಕಾರಿಗಳಿಗೂ ತೋರಿಸ್ತಾರೆ.

2011ರ ಜನಗಣತಿ ಪ್ರಕಾರ ನಮ್ ದೇಶದಲ್ಲಿ ಮನೆಯಿಲ್ಲದವ್ರು 17.7 ಲಕ್ಷ. ಎಣಿಸಿದವ್ರ ಕೈಗೆ ಸಿಕ್ಕವ್ರು ಅಷ್ಟು.

ಚೀಟಿ ಬಂತು, ಊಟ ರೆಡಿ ಅಂತೆ, ಇನ್ನೂ ಎರಡು ಪಾಯಿಂಟ್ ಇತ್ತು, ಒಂದು ಬಿಟ್ಬಿಡ್ತೀನಿ. ಇನ್ನೊಂದು ಹೆಸರಿಂದು. ಫೋಟೋ ಕೆಳಗೆ ತೆಗೆದವ್ರ ಹೆಸರು ಇರ್ಲೇಬೇಕು ಅಂತ ನಾನು ಹಠ ಹಿಡಿದಿದ್ದೆ. ಯಜಮಾನ್ರು ಬೇಡ ಅಂದ್ರು. ಮಗಳ ಗಂಡನ ಮನೆಯವ್ರು ನೋಡಿಬಿಟ್ರೆ ಅಂತ. ಅದಕ್ಕೇ ಅವ್ರನ್ನೇ ಕೇಳ್ರಪ್ಪ, ಹಾಕೋದಕ್ಕೂ, ಬಿಡೋದಕ್ಕೂ.

ಆ ಶಟರ್ ಫೋಟೋ ಬಾಗಿಲ ಹತ್ರ ಇಟ್ಟಿದೀನಿ, 300 ರೂಪಾಯಿ, ದುಡ್ಡು ಅವ್ರಿಗೆ. ಪಕ್ಕದಲ್ಲೇ ಒಂದು ರಟ್ಟಿನ ಡಬ್ಬ ಇದೆ. ನಿಮ್ ಡ್ರಾಯರಲ್ಲಿ ಕೊಳೀತಿರೋ ಹಳೇ ಡಿಜಿಟಲ್ ಕ್ಯಾಮೆರಾ ತಂದು ಹಾಕಿ, ಚಾರ್ಜರ್ ಸಮೇತ, ದಯವಿಟ್ಟು ಚಾರ್ಜರ್ ಸಮೇತ. ಬನ್ನಿ, ಊಟಕ್ಕೆ.